ವೀಣೆ ಪಾಠ ನಿಂತ ವರ್ಷ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಫಿಸಿಕ್ಸ್ ಟೀಚರ್ ಅಪ್ಪನನ್ನು ಶಾಲೆಗೆ ಕರೆಸಿದರು. "ಇವಳಿಗೆ ಫಿಸಿಕ್ಸ್ ಚೆನ್ನಾಗಿ ತಲೆಗೆ ಹತ್ತುತ್ತೆ ಸಾರ್. ಮುಂದೆ ಅದರಲ್ಲೇ ಹೋಗಬೇಕೆಂದರೆ ತಯಾರಿ ಈಗಲೇ ಶುರುವಾಗಬೇಕು" ಎಂದರು. ಮೈಸೂರಿನಿಂದ ತಮಿಳು ಸೀಮೆಗೆ ಬಂದು ಕ್ರೋಂಪೇಟೆಯಲ್ಲಿ ಬಾಡಿಗೆಗಿದ್ದ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ವಿಜ್ಞಾನಿಯಾಗುವ ಮಾತೇ ಎತ್ತಿರಲಿಲ್ಲ. ಅಪ್ಪ ಆ ವಾರವೇ ಪ್ಯಾರೀಸ್ ಕಾರ್ನರಿನ ಆಫೀಸಿನಿಂದ ಬರುತ್ತ ದಪ್ಪದಪ್ಪ ಹಳೇ ಪುಸ್ತಕಗಳನ್ನು ಹೊತ್ತು ತಂದರು. ನಾನು ಕುಣಿದಾಡಿದೆ.

ನಮಗಿದ್ದದ್ದು ಒಂದು ಹಾಲ್, ಒಂದು ರೂಮು. ಸಂಜೆ ಹಾಲ್‌ನಲ್ಲಿ ಅಮ್ಮ ಅಕ್ಕಪಕ್ಕದ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದಳು. ಹೆಚ್ಚಿನವರು ಸರಳೆ ವರಿಸೆಯ ಮೊದಲ ಪಾಠಗಳಲ್ಲಿದ್ದ ಚಿಕ್ಕವರು. ಒಬ್ಬಳು ಮಾತ್ರ ದೊಡ್ಡ ಹುಡುಗಿ, ವರ್ಣದವರೆಗೆ ಬಂದಿದ್ದಳು. ನಾನು ರೂಮಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಓದಲು ಕೂರುತ್ತಿದ್ದೆ. ಒಂದು ದಿನ ತಡೆಯಲಾರದೆ, "ಅಮ್ಮಾ, ತಲೆಗೆ ಏನೂ ಹೋಗ್ತಿಲ್ಲ" ಎಂದೆ. ನಿಲ್ಲಿಸು ಎಂದು ನಾನೇನೂ ಹೇಳಲಿಲ್ಲ.

ಮಾರನೆಯ ಸಂಜೆ ಆ ದೊಡ್ಡ ಹುಡುಗಿ ಬಾಗಿಲಲ್ಲಿ ನಿಂತು, "ಮಾಮಿ, ಇನ್ನಿಕ್ಕಿ ಕ್ಲಾಸ್ ಇಲ್ಲೆಯಾ?" ಎಂದು ಇವತ್ತಿನ ಪಾಠದ ಬಗ್ಗೆ ಕೇಳಿದ್ದು ರೂಮಿಗೆ ಕೇಳಿಸಿತು. ಮಗಳ ಓದು ಮುಗಿಯುವವರೆಗೆ ಪಾಠವಿಲ್ಲ ಎಂದು ಅಮ್ಮ ತನ್ನ ಅರೆಬರೆ ತಮಿಳಿನಲ್ಲಿ ಹೇಳಿದಳು. ನಾನು ಎದ್ದು ಹೋಗಿ ಬೇಡ ಎನ್ನಬಹುದಿತ್ತು. ಆದರೆ ಮನೆ ನಿಶ್ಶಬ್ದವಾಗಿತ್ತು, ಲೆಕ್ಕ ಸಲೀಸಾಗಿ ಬರುತ್ತಿತ್ತು.

ಹನ್ನೊಂದನೇ ಕ್ಲಾಸಿನಲ್ಲಿ ತಂತಿಯ ಕಂಪನದ ಪಾಠ ಬಂತು. ಒಂದಿಷ್ಟು ನುಡಿಸಿ ತೋರಿಸು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಉತ್ಸಾಹದಿಂದ ವೀಣೆಯ ಗವಸು ತೆಗೆದು ಶ್ರುತಿ ಮಾಡಿಕೊಂಡು ಶುರುಮಾಡಿದಳು. ಸ್ವಲ್ಪ ಹೊತ್ತಿಗೇ ನಿಲ್ಲಿಸಿ ಬೆರಳ ತುದಿಯನ್ನು ಬಾಯಿಗಿಟ್ಟುಕೊಂಡಳು.

"ಯಾಕಮ್ಮಾ?"

"ಬೆರಳು ಮೆತ್ತಗಾಗ್ಬಿಟ್ಟಿದೆ ಕಣೇ. ತಂತಿ ಕುಯ್ಯತ್ತೆ."

ಮೊದಲೆಲ್ಲ ಅಮ್ಮನ ಎಡಗೈ ಬೆರಳುಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದವು. ಚಿಕ್ಕವಳಿದ್ದಾಗ ಆ ಜಡ್ಡನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಈಗ ಹಿಡಿದು ನೋಡಿದರೆ ನನ್ನ ಬೆರಳಿನ ಹಾಗೇ ನುಣುಪಾಗಿದ್ದವು.

"ಕ್ಲಾಸ್ ಮತ್ತೆ ಶುರುಮಾಡಮ್ಮಾ. ನಾನು ಮೊಟ್ಟೆಮಾಡಿಗೆ ಹೋಗಿ ಓದ್ಕೋತೀನಿ."

"ಬಿಸಿಲಲ್ಲಿ ತಾರಸಿ ಮೇಲಾ? ಇನ್ನೊಂದು ವರ್ಷ ತಾನೇ, ಆಮೇಲೆ ನೋಡೋಣ ಬಿಡು."

ನನಗೆ ತಡೆಯಲಾಗಲಿಲ್ಲ. ಪಾಠಕ್ಕೆ ಮತ್ತೆ ಬಾ ಎಂದು ಕರೆಯಲು ಅಂದೇ ಆ ದೊಡ್ಡ ಹುಡುಗಿಯ ಮನೆಗೆ ಹೋದೆ. ಅವಳು ಆಗಲೇ ಬೇರೆ ಟೀಚರ್ ಹತ್ತಿರ ಕಲಿಯುತ್ತಿದ್ದಳು. ಬೆಸೆಂಟ್ ನಗರದಲ್ಲಿ ಅವಳ ಮೊದಲ ವೀಣಾ ಕಚೇರಿ ಇದೆ, ಅಮ್ಮನನ್ನು ಕರೆದುಕೊಂಡು ಬಾ ಎಂದರು ಅವಳ ತಾಯಿ.

ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಮುಂದಿನ ಸಾಲಿನಲ್ಲಿ ಕೂತು ಕೊನೆಯವರೆಗೆ ತಾಳ ಹಾಕಿದಳು. ಹುಡುಗಿ ವೇದಿಕೆಯಲ್ಲಿ ಹೊಸ ಟೀಚರ್‌ಗೆ ನಮಸ್ಕರಿಸಿದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ವಾಪಸು ಬಸ್ಸಿನಲ್ಲಿ, "ಚೆನ್ನಾಗಿ ನುಡಿಸಿದ್ಲು. ಆ ವರ್ಣ ನಾನು ಹೇಳಿಕೊಟ್ಟಿದ್ದು" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಪಾಠ ಮತ್ತೆ ಶುರುವಾಗಲಿಲ್ಲ. ನನಗೆ ಬೇಕಾದ ಕಾಲೇಜಿನಲ್ಲೇ ಫಿಸಿಕ್ಸ್ ಸೀಟು ಸಿಕ್ಕಿತು. ಸೇರುವ ದಿನ ಕಾಲೇಜಿನ ಆಫೀಸಿನ ಹೊರಗೆ ನಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು, ನೀವೇನು ಮಾಡ್ತೀರಿ ಎಂದು ಅಮ್ಮನನ್ನು ಕೇಳಿದರು.

"ನಾನಾ? ಮನೇಲೇ ಇರೋದು. ಇವಳನ್ನ ಓದಿಸ್ತಿದ್ದೆ" ಎಂದಳು ಅಮ್ಮ, ಹೆಮ್ಮೆಯಿಂದಲೇ.

ನಮ್ಮಮ್ಮ ವೀಣೆ ಟೀಚರ್ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು. ಎದ್ದು ಹೋದೆ.