ಸಾವಿನ ಚೀಟಿ, ಗುರುವಾರದ ಗಡ್ಡ

ನದಿ ಸಮುದ್ರ ಸೇರುವ ಕಡೆಯ ದಮಿಯಾತ್ ಪಟ್ಟಣದ ಬಡಗಿಗಳ ಓಣಿಯಲ್ಲಿ, ಕಸುಬುದಾರನೆಂದು ಎಲ್ಲರೂ 'ಉಸ್ತಾ' ಎನ್ನುತ್ತಿದ್ದ ಶಲಬಿಗೆ ಅಂಗಡಿ ಒಂದೇ, ಕಸುಬು ಎರಡು. ಬದುಕಿದ್ದವರ ಗಡ್ಡ ಹೆರೆಯುವುದು ಅಪ್ಪನಿಂದ ಬಂದದ್ದು. ಸತ್ತವರನ್ನು ನೋಡಿ, ಯಾತರಿಂದ ಸತ್ತರೆಂದು ಚೀಟಿ ಬರೆಯುವುದು ಸರ್ಕಾರದಿಂದ ಬಂದದ್ದು. ಡಾಕ್ಟರುಗಳು ಕಡಿಮೆ, ಕ್ಷೌರಿಕರು ಬೇಕಾದಷ್ಟು. ಹಾಗಾಗಿ ಆರೋಗ್ಯ ಕಚೇರಿಯವರು ಕೆಲವು ತಿಂಗಳು ಪಾಠ ಹೇಳಿ, ಒಂದು ಹಿತ್ತಾಳೆ ಬಿಲ್ಲೆ ಕೊಟ್ಟು ಕಳಿಸಿದ್ದರು. ಅವನ ಚೀಟಿಯಿಲ್ಲದೆ ಓಣಿಯಲ್ಲಿ ಯಾರನ್ನೂ ಹೂಳುವಂತಿರಲಿಲ್ಲ. ತಲೆ ಬೋಳಿಸುವವನ ಕೈಗೇ ತಲೆ ಲೆಕ್ಕವನ್ನೂ ಕೊಟ್ಟದ್ದು ಸರ್ಕಾರದ ಜಾಣತನ.

ಬಿಲ್ಲೆ ಬಂತು, ಗಿರಾಕಿಗಳು ಹೋದರು. ಬೆಳಗ್ಗೆ ಹೆಣದ ರೆಪ್ಪೆ ಎತ್ತಿದ ಬೆರಳು ಮಧ್ಯಾಹ್ನ ತಮ್ಮ ಗಂಟಲ ಮೇಲೆ ಆಡುವುದು ಯಾರಿಗೆ ಬೇಕು? ಎದುರಿನ ಕ್ಷೌರಿಕ ಜಾದ್‌ನ ಅಂಗಡಿ ತುಂಬಿತು. ಶಲಬಿಯನ್ನು ಮದುವೆಗೆ ಕರೆಯುವವರಿಲ್ಲವಾದರು. ಸಾವಿನ ಮನೆಗೆ ಮಾತ್ರ ಅವನು ಕಾಯಂ ಅತಿಥಿ. ಅಲ್ಲಿ ಕೊಡುವುದು ಸಕ್ಕರೆಯಿಲ್ಲದ ಕಾಫಿ. ಹೀಗಾಗಿ ಸಿಹಿ ಕಾಫಿಯ ರುಚಿಯೇ ಅವನಿಗೆ ಮರೆತುಹೋಗಿತ್ತು. ಹೆಂಡತಿ ಎಂಟು ವರ್ಷದ ಹಿಂದೆ, ಕಾಲರಾ ಬಂದಾಗ ಹೋದಳು. ಆ ಚೀಟಿಯನ್ನೂ ಅವನೇ ಬರೆದಿದ್ದ.

ಉಳಿದ ಗಿರಾಕಿ ಒಬ್ಬನೇ ಒಬ್ಬ: ನೀರು ಹೊರುವ ಹಸನೈನ್. ಪ್ರತಿ ಗುರುವಾರ ಮಧ್ಯಾಹ್ನ, ಕೊನೆಯ ಮನೆಯ ಹಂಡೆ ತುಂಬಿಸಿ, ಒದ್ದೆ ಚರ್ಮದ ಚೀಲವನ್ನು ಬಾಗಿಲಿಗೆ ತೂಗುಹಾಕಿ ಕುರ್ಚಿಯಲ್ಲಿ ಕುಸಿಯುತ್ತಿದ್ದ.

"ಈ ತಲೇನ ಚೆನ್ನಾಗಿ ನೋಡ್ಕೊಳಯ್ಯ. ಮುಂದೆ ಚೀಟಿ ಬರೆಯೋವಾಗ ಗುರುತು ಸಿಗಬೇಕು."

"ಅಲ್ಲಾಡಬೇಡ. ಇಲ್ದಿದ್ರೆ ಇವತ್ತೇ ಬರೀಬೇಕಾಗುತ್ತೆ."

ಹಸನೈನ್‌ನ ಎಡಗಿವಿಯ ಕೆಳಗೆ, ಗಡ್ಡದೊಳಗೆ ಅಡಗಿದ ಕಡಲೆಕಾಳಿನಷ್ಟು ದೊಡ್ಡ ನರೂಲಿ ಇತ್ತು. ಅದರ ಸುತ್ತ ಕತ್ತಿ ತಿರುಗಿಸುವುದು ಶಲಬಿಯ ಕೈಗೆ ಮಾತ್ರ ಗೊತ್ತು.

ಶಲಬಿಯ ಬಳಿ ಸಾವಿಗೆ ಮೂರೇ ಕಾರಣಗಳಿದ್ದವು. ಕೂಸಾದರೆ ಭೇದಿ, ಮುದುಕರಾದರೆ ವಯಸ್ಸು, ನಡುವಿನವರಿಗೆಲ್ಲ ಜ್ವರ. ಅದಕ್ಕಿಂತ ಹೆಚ್ಚು ಬರೆದರೆ ಕಚೇರಿಯವರು ಸುಣ್ಣದ ಬಕೀಟು ಹಿಡಿದು ಬಂದು, ಹಾಸಿಗೆ ಸುಟ್ಟು, ನೀರಿಗೆ ಬೀಗ ಜಡಿಯುತ್ತಿದ್ದರು. ಸತ್ತವರ ಚೀಟಿ ಬದುಕಿದ್ದವರ ಹಾಸಿಗೆ ಸುಡುವುದೇಕೆ ಎಂದು ಅವನು ಕೈ ಬಿಗಿ ಹಿಡಿದಿದ್ದ.

ಆ ಬೇಸಿಗೆ ಕಚೇರಿಯ ಡಾಕ್ಟರು ಅವನನ್ನು ಕರೆಸಿದರು.

"ಸಾವಿರಕ್ಕೆ ನಲವತ್ತೆಂಟು ಜನ ಸಾಯ್ತಿದ್ದಾರೆ ನಿಮ್ಮ ಕಡೆ. ಕಾಯಿಲೆ ಮಾತ್ರ ಒಂದೂ ಇಲ್ಲ! ಏನಯ್ಯ, ಸಾವು ಒಂದೇ ಓಡಾಡುತ್ತಾ ನಿಮ್ಮ ಓಣೀಲಿ?"

"ಜ್ವರ ಅಂತ ಬರ್ದಿದೀನಲ್ಲ ಸ್ವಾಮಿ."

"ಜ್ವರ ಅನ್ನೋದು ಬಾಗಿಲು ತಟ್ಟೋ ಸದ್ದು ಕಣಯ್ಯ. ತಟ್ಟಿದ್ದು ಯಾರು ಅಂತ ಬರಿ."

ಶಲಬಿ ಅಂಗಡಿಗೆ ಬಂದು ಹಳೆಯ ಚೀಟಿಗಳ ನಕಲನ್ನು ಕುರ್ಚಿಯ ಮೇಲೆ ಹರಡಿಕೊಂಡ. ಆರು ವಾರದಲ್ಲಿ ಏಳು ಜ್ವರ. ಮನೆಗಳನ್ನು ಒಂದೊಂದಾಗಿ ನೆನೆದ. ಬೇಸಿಗೆಯಲ್ಲಿ ಸಮುದ್ರ ಮೇಲೇರಿ ನದಿ ಉಪ್ಪಾಗುತ್ತದೆ. ಉಳ್ಳವರು ನದಿಯ ಮೇಲ್ಭಾಗದಿಂದ ದೋಣಿಯಲ್ಲಿ ನೀರು ತರಿಸುತ್ತಾರೆ, ಮಿಕ್ಕವರಿಗೆ ಮಸೀದಿಯ ಹಿಂದಿನ ಹಳೇ ನೆಲತೊಟ್ಟಿಯೇ ಗತಿ. ಏಳು ಮನೆಗೂ ಆ ತೊಟ್ಟಿಯ ನೀರೇ. ಹೊತ್ತವನು ಹಸನೈನ್. ತನ್ನ ಅಂಗಡಿಗೂ ಅವನೇ ಹೊತ್ತದ್ದು. ಆದರೆ ಇಲ್ಲಿ ನೀರು ಕುದಿಯದೆ ಗಡ್ಡಕ್ಕೂ ಹೋಗುತ್ತಿರಲಿಲ್ಲ, ಕಾಫಿಗೂ ಹೋಗುತ್ತಿರಲಿಲ್ಲ. ಶಲಬಿ ಚೀಟಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿದ. ಯಾರಿಗೂ ಹೇಳಲಿಲ್ಲ. ಎರಡು ಗುರುವಾರ ಹೇಳದೆಯೇ ಕ್ಷೌರ ಮಾಡಿದ.

ಮೂರನೆಯ ಗುರುವಾರ ಕರೆ ಬಂದದ್ದು ಹಸನೈನ್ ಮನೆಯಿಂದ. ಅವನ ಹೆಂಡತಿ ಬದವಿಯಾ ಇಪ್ಪತ್ತು ದಿನ ಮಲಗಿದ್ದು ತೀರಿಕೊಂಡಿದ್ದಳು.

ಹೆಂಗಸಿನ ಹೆಣವನ್ನು ಶಲಬಿ ನೋಡುವಂತಿಲ್ಲ. ಹೊಸ್ತಿಲಲ್ಲಿ ಕೂತ. ಒಳಗೆ ಮೈ ತೊಳೆಯುತ್ತಿದ್ದ ಮುದುಕಿ ಉಮ್ಮ್ ರದ್ವಾನ್ ಪರದೆಯಾಚೆಯಿಂದಲೇ ಹೇಳಿದಳು: "ಹೊಟ್ಟೆ ಉಬ್ಬಿದೆ ಉಸ್ತಾ. ಹಿಂದಿನ ವಾರ ಮೈ ಒರೆಸೋವಾಗ ಕೆಂಪು ಚುಕ್ಕೆ ನೋಡಿದ್ದೆ. ಆ ಬಡಗಿ ಮನೆ ಸೊಸೆಗೂ ಹೀಗೇ ಇದ್ವು."

ಹಸನೈನ್ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಜ್ವರ ಅಂತ ಬರ್ದುಬಿಡು ಶಲಬಿ."

"ಆ ತೊಟ್ಟಿ ನೀರು ಸರಿ ಇಲ್ಲ ಕಣೋ. ಎಂಟು ಮನೆಯಾಯ್ತು."

"ಗೊತ್ತಿತ್ತಾ ನಿಂಗೆ?"

ಶಲಬಿ ಕಾಗದ, ಲೇಖನಿ ಹೊರತೆಗೆದ.

"ಅದಕ್ಕೆ ಬೀಗ ಹಾಕಿದ್ರೆ ನಾನೇನು ಹೊರಲಿ? ಹೋಗ್ಲಿ, ಮೂಟೆ ಹೊತ್ತೇನು. ಆದ್ರೆ ನನ್ನ ಕೈಯಾರೆ ಕುಡಿಸಿದ ನೀರಲ್ಲೇ ಅವಳು ಸತ್ತಳು ಅಂತ ಬರೀತೀಯಾ? ನೀನು ಬರೀತೀಯಾ?"

ಶಲಬಿ ತೊಡೆಯ ಮೇಲೆ ಕಾಗದ ಇಟ್ಟುಕೊಂಡ. ಎದುರು ಮನೆಯ ಹೆಂಗಸು ಬಾಗಿಲಲ್ಲಿ ಕೂಸಿಗೆ ಲೋಟದಿಂದ ನೀರು ಕುಡಿಸುತ್ತಿದ್ದಳು. ಅವನು ಮೊದಲು 'ವಿಷಮಶೀತ' ಎಂದು ಬರೆದ. 'ಜ್ವರ' ಎನ್ನುವುದನ್ನು ಆಮೇಲೆ ಬರೆದ.

ಆ ಮನೆಯಲ್ಲಿ ಅವನಿಗೆ ಸಪ್ಪೆ ಕಾಫಿಯನ್ನೂ ಕೊಡಲಿಲ್ಲ.

ವಾರದೊಳಗೆ ತೊಟ್ಟಿಗೆ ಮುದ್ರೆ ಬಿತ್ತು. ಮಸೀದಿಯ ಕಕ್ಕಸುಗುಂಡಿಯಿಂದ ಒಳಗೊಳಗೇ ಜಿನುಗು ಇತ್ತಂತೆ. ಓಣಿಯವರು ದೂರದ ಕಾಲುವೆಗೆ ನಡೆದು ನೀರು ಕುದಿಸಿ ಕುಡಿಯುವಂತಾಯಿತು. ನಡೆಯುವಾಗಲೆಲ್ಲ ಶಲಬಿಯ ಅಂಗಡಿ ದಾಟಿಯೇ ಹೋಗಬೇಕು, ಬೈಯಲು ಅನುಕೂಲ. ಹಸನೈನ್ ನದೀತೀರದಲ್ಲಿ ಅಕ್ಕಿ ಮೂಟೆ ಹೊರಲು ಸೇರಿದ.

ಮರುತಿಂಗಳು ಜ್ವರದ ಚೀಟಿ ಒಂದೇ. ಡಾಕ್ಟರು ಖುಷಿಯಾಗಿ ಅಂಕಿ ತೋರಿಸಿದರು. "ಸಾವಿರಕ್ಕೆ ಮೂವತ್ತೊಂದು! ಎಷ್ಟು ಜನ ಉಳಿದ್ರು ನೋಡು."

"ಯಾರ್ಯಾರು ಸ್ವಾಮಿ?"

ಡಾಕ್ಟರು ನಕ್ಕರು. "ಉಳಿದೋರ ಹೆಸರು ಯಾವ ಚೀಟೀಲಿರುತ್ತೆ ಮಾರಾಯ?"

ಶೋಕದ ನಲವತ್ತು ದಿನ ಹಸನೈನ್ ಗಡ್ಡ ಬಿಟ್ಟಿದ್ದ. ಮೂಟೆ ಹೊತ್ತು ಓಣಿಯಲ್ಲಿ ಬರುವಾಗ ಅಂಗಡಿಯ ಕಡೆ ತಿರುಗುತ್ತಿರಲಿಲ್ಲ. ಶಲಬಿ ದಿನ ಎಣಿಸಿದ. ಎಣಿಸುವುದು ಅವನಿಗೆ ಬರುತ್ತಿತ್ತು. ನಲವತ್ತು ಕಳೆದ ಮೇಲಿನ ಮೊದಲ ಗುರುವಾರ ಬಂತು. ಅವನು ಕತ್ತಿ ಮಸೆದ, ನೀರು ಕಾಯಿಸಿದ, ಕುರ್ಚಿಯ ಧೂಳು ಒರೆಸಿದ, ಒಗೆದ ಟವೆಲು ಮಡಚಿಟ್ಟ. ಯಾವತ್ತೂ ಇಲ್ಲದ್ದು, ಎರಡು ಲೋಟ ಕಾಫಿಗೆ ಸಕ್ಕರೆಯನ್ನೂ ತೆಗೆದಿಟ್ಟ. ನೀರು ಎರಡು ಸಲ ಆರಿತು, ಎರಡು ಸಲ ಕಾಯಿಸಿದ.

ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಹಸನೈನ್ ಓಣಿಯಲ್ಲಿ ಬಂದ. ಮುಖ ನುಣ್ಣಗಿತ್ತು. ಎಡಗಿವಿಯ ಕೆಳಗೆ, ನರೂಲಿಯ ಮೇಲೆ, ಹತ್ತಿಯ ಚೂರೊಂದು ಅಂಟಿಕೊಂಡು ಕೆಂಪಾಗಿತ್ತು.