ಗಿರಣಿ ಪದ್ಮವ್ವನ ದುರ್ಬೀನ ತಪಾಸಣೆ

ಮಮದಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಪದ್ಮವ್ವ ಸುಮ್ಮನೆ ಕೂತದ್ದನ್ನು ಊರವರು ನೋಡಿದ್ದು ಕಡಿಮೆ. ಗಂಡ ಕುಂಥುನಾಥ ತೀರಿಕೊಂಡಾಗ ಆಕೆಗೆ ಮೂವತ್ತೊಂಬತ್ತು. ಹದಿನೈದು ದಿನ ಗಿರಣಿಗೆ ಬೀಗ ಬಿದ್ದಿತ್ತು. ಹದಿನಾರನೆಯ ದಿನ ತಾನೇ ಬೀಗ ತೆಗೆದು, ಮೋಟರಿಗೆ ಪಟ್ಟಾ ಏರಿಸಿ, ಮೊದಲು ಬಂದವರ ಜೋಳ ಬೀಸಿ ಕೊಟ್ಟಳು. ಹೆಂಗಸು ಗಿರಣಿ ನಡೆಸುವುದುಂಟೇ ಎಂದು ನಕ್ಕವರೂ ಎರಡು ತಿಂಗಳಲ್ಲಿ ಅವಳ ಬಾಗಿಲಲ್ಲೇ ಡಬ್ಬಿ ಸಾಲು ಹಚ್ಚಿದರು. ಅವಳ ಹಿಟ್ಟಿನಿಂದ ಬಡಿದ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ.

ಕರೆಂಟು ಬರುವ ಹೊತ್ತೇ ಅವಳ ಹೊತ್ತಾಯಿತು. ನಸುಕಿನಲ್ಲಿ ಬಂದರೆ ನಸುಕಿನಲ್ಲಿ ಏಳಬೇಕು. ನಡು ಮಧ್ಯಾಹ್ನ ಬಂದರೆ ಉಣ್ಣುವ ತಾಟು ಬಿಟ್ಟು ಓಡಬೇಕು. ಒಂದೇ ಒಂದು ವಿಷಯದಲ್ಲಿ ಮಾತ್ರ ಹೊತ್ತು ಅವಳ ಕೈಯಲ್ಲಿತ್ತು. ಗಂಡ ತೀರಿಹೋದ ವರ್ಷ ಬಸದಿಯಲ್ಲಿ ನಿಂತು ನೇಮ ಹಿಡಿದಿದ್ದಳು: ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಒಂದು ಗುಟುಕು ನೀರೂ ಇಲ್ಲ. ಹದಿನೈದು ವರ್ಷದಲ್ಲಿ, ಮೈ ಸುಡುವ ಜ್ವರದಲ್ಲೂ, ಅದನ್ನು ಮುರಿದಿರಲಿಲ್ಲ.

2004ರ ಯುಗಾದಿ ಆದ ಮರುವಾರ ಬಯಲಕಡೆಗೆ ಹೋದಾಗ ರಕ್ತ ಕಾಣಿಸಿತು. ಉಷ್ಣವಾಗಿರಬೇಕೆಂದು ಮಜ್ಜಿಗೆ ಕುಡಿದಳು. ಮತ್ತೆ ಕಾಣಿಸಿತು. ಯಾರಿಗೂ ಹೇಳಲಿಲ್ಲ. ಗಿರಣಿಯಲ್ಲಿ ಕೈಜೋಡಿಸುತ್ತಿದ್ದ ಕಾಶೆವ್ವ ಒಂದು ದಿನ ಕಾಳು ಸುರಿಯುವುದನ್ನು ನಿಲ್ಲಿಸಿ ಕೇಳಿಯೇಬಿಟ್ಟಳು.

“ಯಕ್ಕಾ, ದಿನಕ್ಕ ನಾಕ ಸಲ ಚರಿಗಿ ತಗೊಂಡ ಹೋಗ್ತಿ. ಮಾರಿ ಬಿಳೀ ಹಾಳಿ ಆಗೇತಿ. ಏನಾಗೇತಿ ಖರೆ ಹೇಳು.”

ಪದ್ಮವ್ವ ಮೋಟರು ಬಂದ್ ಮಾಡಿ ಹೇಳಿದಳು. ಕಾಶೆವ್ವ ಅಂದೇ ಸಂಜೆ ಗೋಕಾಕಕ್ಕೆ ಮದುವೆಯಾಗಿ ಹೋಗಿದ್ದ ಪದ್ಮವ್ವನ ಮಗಳು ಆರತಿಗೆ ಫೋನು ಮಾಡಿಸಿದಳು.

ಬೆಳಗಾವಿಯ ಹೊಟ್ಟೆ ಡಾಕ್ಟರೊಬ್ಬರು ಪ್ರತಿ ಗುರುವಾರ ಗೋಕಾಕದ ಒಂದು ಖಾಸಗಿ ದವಾಖಾನೆಗೆ ಬರುತ್ತಿದ್ದರು. ಪದ್ಮವ್ವ ಹೇಳಿದ್ದನ್ನೆಲ್ಲ ಕೇಳಿ, “ದುರ್ಬೀನ, ಅಂದ್ರ ಕ್ಯಾಮೆರಾದ ನಳಿಗಿ ಹಾಕಿ ಕರುಳ ನೋಡಬೇಕಾಗ್ತದ. ಹೊಟ್ಟಿ ಪೂರ್ತಿ ತೊಳದಂಗ ಆಗಿರಬೇಕು, ಅಷ್ಟ,” ಎಂದರು. ಹೇಗೆ ತೊಳೆಯಬೇಕೆಂಬುದನ್ನು ಹೊರಗೆ ನರ್ಸು ಸಾವಂತ್ರೆವ್ವ ವಿವರಿಸಿದಳು. ಬುಧವಾರ ಇಡೀ ದಿನ ತಿಳಿ ಗಂಜಿ, ಎಳನೀರು, ಹಾಲಿಲ್ಲದ ಚಹಾ ಮಾತ್ರ. ಸಂಜೆ ಆರಕ್ಕೆ ಈ ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕಲಸಿ ಒಂಬತ್ತರೊಳಗೆ ಗ್ಲಾಸು ಗ್ಲಾಸಾಗಿ ಕುಡಿದು ಮುಗಿಸಬೇಕು. ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು.

“ಸಂಜೀಕ ಆರಕ್ಕ?” ಎಂದಳು ಪದ್ಮವ್ವ.

“ಹೌದ್ರಿ. ಮನ್ಯಾಗ ಸಂಡಾಸ ಐತಿಲ್ರಿ? ಹತ್ತು ಹದಿನೈದ ಸಲ ಹೋಗಬೇಕಾಗ್ತೈತಿ.”

ಮಮದಾಪುರದ ಮನೆಯಲ್ಲಿ ಸಂಡಾಸ ಇರಲಿಲ್ಲ. ಹಾಗಾಗಿ ಆರತಿಯ ಮನೆಯಲ್ಲೇ ಇರುವುದೆಂದಾಯಿತು. ಅಂದರೆ ಬೀಗರ ಮನೆಯಲ್ಲಿ. ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ಉಂಡವಳಲ್ಲ ಪದ್ಮವ್ವ. ಈಗ ಅಲ್ಲಿ ಹದಿನೈದು ಸಲ ಸಂಡಾಸಕ್ಕೆ ಓಡಬೇಕು. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ರೋಗದ ಚಿಂತೆ ಇರಲಿಲ್ಲ. ಇದೇ ಚಿಂತೆ, ಮತ್ತು ಸಂಜೆಯ ಆರು ಗಂಟೆ.

ಬುಧವಾರ ಬಂತು. ಬೀಗಿತ್ತಿ ಉದ್ದವ್ವ ಹುಕ್ಕೇರಿ ಕಡೆಯವಳು. ಮಾತು ಜೋರು, ನಡುನಡುವೆ ಮರಾಠಿ. ಪದ್ಮವ್ವನಿಗೆ ಹಗ್ಗದ ಹೊರಸು ಹಾಕಿ ಕೊಟ್ಟಳು. ಪದ್ಮವ್ವ ಹೊರಸಿನ ಮೇಲೆ ಕೂತಳು, ಎದ್ದಳು, ಅಂಗಳಕ್ಕೆ ಹೋದಳು, ಬಂದಳು. ಸಂಡಾಸ ಅಂಗಳದ ಕಟ್ಟಕಡೆಯ ಮೂಲೆಯಲ್ಲಿತ್ತು. ಅದರ ತಗಡಿನ ಬಾಗಿಲು ತೆರೆದರೆ ಓಣಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ನಳಕ್ಕೆ ಮೂರು ದಿನಕ್ಕೊಮ್ಮೆ ನೀರು. ಬಾಜೂಕಿದ್ದ ಬ್ಯಾರಲ್ಲಿನಲ್ಲಿ ಎಷ್ಟು ನೀರಿದೆಯೆಂದು ಆಕೆ ಎರಡು ಸಲ ಇಣುಕಿದಳು.

ಆರಕ್ಕೆ ಆರತಿ ಔಷಧ ಕಲಸಿ ದೊಡ್ಡ ತಂಬಿಗೆಯಲ್ಲಿ ಇಟ್ಟು ಅಡಿಗೆಮನೆಗೆ ಹೋದಳು. ಪದ್ಮವ್ವ ತಂಬಿಗೆ, ಗ್ಲಾಸು ಎತ್ತಿಕೊಂಡು ಮಾಳಿಗೆಗೆ ಹತ್ತಿದಳು. ಉಪ್ಪುಪ್ಪಾಗಿ, ಹಳಸಿದ ಲಿಂಬೆ ಶರಬತ್ತಿನಂತಿತ್ತು. ಒಂದು ಗ್ಲಾಸು, ಎರಡು, ಮೂರು. ಬಿಸಿಲು ಎದುರಿನ ಮನೆಯ ಗೋಡೆಯ ಮೇಲಿಂದ ಹಂಚಿಗೆ ಏರಿತು. ನಾಲ್ಕನೆಯದನ್ನು ಉಸಿರು ಬಿಗಿಹಿಡಿದು ಮುಗಿಸುವಷ್ಟರಲ್ಲಿ ಹಂಚಿನ ಮೇಲಿನ ಬಿಸಿಲೂ ಹೋಗಿ ಹೊತ್ತು ಮುಳುಗಿತು. ತಂಬಿಗೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಪದ್ಮವ್ವ ಅದನ್ನು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಮಾಳಿಗೆಯ ಮೋರಿಗೆ ಸುರಿದು, ತಂಬಿಗೆ ತೊಳೆದು ಕೆಳಗಿಳಿದಳು.

“ಮುಗೀತೇನ ಯವ್ವಾ? ಇಷ್ಟ ಲಗೂನ?”

“ಮುಗೀತು.”

ಔಷಧ ಕೆಲಸ ಮಾಡತೊಡಗಿತು. ಅಳಿಯ ಅಂಗಡಿಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದ. ಅವನ ಮುಂದೆ ಹಾದು ಹೋಗುವುದಕ್ಕೆ ನಾಚಿ ತಡೆದಳು. ತಡೆಯಲಾಗದೆ ಸೆರಗು ಮುಖಕ್ಕೆ ಎಳೆದುಕೊಂಡು ಓಡಿದಳು. ಬಾಗಿಲು ಕಿರುಗುಟ್ಟಿತು. ನೀರು ಖರ್ಚಾಗುತ್ತದೆಂದು ಅರ್ಧರ್ಧ ಮಗ್ಗು ಹಾಕಿದಳು. ಒಳಗಿನಿಂದ ಉದ್ದವ್ವ ಕೂಗಿದಳು: “ಅಕ್ಕಾರ, ನೀರ ಧಾರಾಳ ಹಾಕ್ರಿ!” ಓಣಿಯೆಲ್ಲ ಕೇಳಿತೆಂದು ಪದ್ಮವ್ವನಿಗೆ ಅನಿಸಿತು.

ಮರುದಿನ ಡಾಕ್ಟರು ದುರ್ಬೀನ ಹಾಕಿ ಸ್ವಲ್ಪ ಹೊತ್ತಿನಲ್ಲೇ ತೆಗೆದರು. “ಏನೂ ಕಾಣವಲ್ದು. ಹೊಟ್ಟಿ ತೊಳದೇ ಇಲ್ಲ. ಔಷಧ ಪೂರಾ ಕುಡದ್ರಿಲ್ಲೊ?”

“ಕುಡದೇನ್ರಿ,” ಎಂದಳು ಪದ್ಮವ್ವ ಗೋಡೆಯ ಕಡೆ ಮುಖ ಮಾಡಿ.

ಬರುವ ಗುರುವಾರ ಮತ್ತೆ ಮಾಡಬೇಕೆಂದು ಹೇಳಿ ಕಳಿಸಿದರು. ದವಾಖಾನೆಯ ಮೆಟ್ಟಿಲ ಮೇಲೆ ಆರತಿ ಅಳತೊಡಗಿದಳು. “ನಾನ ಪುಡಿ ಕಲಸೂದ್ರಾಗ ತಪ್ಪ ಮಾಡೇನಿ. ನೀರು ಹೆಚ್ಚಾಗಿರಬೇಕು. ನನ್ನಿಂದ ನಿನಗ ಮತ್ತ ಈ ತ್ರಾಸ.”

ಪದ್ಮವ್ವ ನಿಜ ಹೇಳದೆ ಊರಿನ ಬಸ್ಸು ಹತ್ತಿದಳು.

ಶುಕ್ರವಾರ, ಶನಿವಾರ ಗಿರಣಿ ನಡೆಸಿದಳು. ರವಿವಾರ ಭರಮವ್ವನೆಂಬ ಹೆಂಗಸು ಬೀಸಿಕೊಂಡು ಹೋದ ಹಿಟ್ಟನ್ನು ವಾಪಸು ತಂದು, “ಯಕ್ಕಾ, ಇದು ಹಿಟ್ಟೋ ರವಾನೋ?” ಎಂದು ತೋರಿಸಿದಳು. ಹದಿನೈದು ವರ್ಷದಲ್ಲಿ ಯಾರೂ ಹಿಟ್ಟು ವಾಪಸು ತಂದಿರಲಿಲ್ಲ. ಪದ್ಮವ್ವ ತನ್ನ ಮನೆಯ ಹಿಟ್ಟಿನಿಂದ ಅವಳ ಡಬ್ಬಿ ತುಂಬಿಸಿ ಕಳಿಸಿದಳು. ಆಮೇಲೆ ಕೈಗೆ ಕೆಲಸವೇ ಹತ್ತಲಿಲ್ಲ. ನೇಮ ಉಳಿಸಿಕೊಂಡೆನೆಂಬ ಸಮಾಧಾನಕ್ಕಾಗಿ ಹುಡುಕಿದರೆ ಎದೆಯಲ್ಲಿ ಆರತಿಯ ಅಳುವ ಮುಖ ಬಿಟ್ಟು ಬೇರೇನೂ ಸಿಗಲಿಲ್ಲ. ಕಾಶೆವ್ವನಿಗೆ ಎಲ್ಲ ಹೇಳಿದಳು.

“ಔಷಧ ಮೋರಿಗೆ ಹಾಕಿ, ಸುಳ್ಳೂ ಹೇಳಿ ಬಂದೀ?” ಕಾಶೆವ್ವ ಮೊರ ಕೆಳಗಿಟ್ಟಳು. “ನೇಮ ನಿಂದು, ನಾ ಅದಕ್ಕ ಏನೂ ಅನ್ನಂಗಿಲ್ಲ. ಆದ್ರ ಹುಡುಗಿ ಯಾಕ ಅಳಬೇಕು?”

ಮಂಗಳವಾರ ಪದ್ಮವ್ವ ಗಿರಣಿಯನ್ನು ಕಾಶೆವ್ವನಿಗೆ ಒಪ್ಪಿಸಿ ಗೋಕಾಕಕ್ಕೆ ಹೋದಳು. ಬೀಗರ ಮನೆಯ ಪಡಸಾಲೆಯಲ್ಲಿ ನಿಂತೇ ನಡೆದದ್ದನ್ನೆಲ್ಲ ಹೇಳಿದಳು. ಆರತಿ ಸಿಟ್ಟಿನಿಂದ ತಾಯಿಯ ಮುಖ ನೋಡದೆ ಒಳಗೆ ಹೋದಳು. ಉದ್ದವ್ವ, “ಔಷಧಕ್ಕ ಏನ ದೋಷ ಬರ್ತೈತ್ರಿ ಅಕ್ಕಾರ? ಜೀವಕ್ಕಿಂತ ಹೆಚ್ಚೇನು?” ಎಂದಳು.

“ನೀವು ಹೇಳೂದು ಖರೇ ಇರಬಹುದ್ರಿ. ಕರೆಂಟ ಬಂದಾಗ ಏಳೂದು, ಮಂದಿ ಕರದಾಗ ಹೋಗೂದು, ಹಿಂಗ ನಡದೈತಿ ನನ್ನ ಬಾಳೇ. ಅದೊಂದ ನಾನ ಹಿಡಕೊಂಡದ್ದು. ಬಿಡಾಕ ಆಗವಲ್ದು.”

ಉದ್ದವ್ವ ಎದ್ದು ಚಪ್ಪಲಿ ಮೆಟ್ಟಿ, “ನಡೀರಿ, ಆ ನರ್ಸಬಾಯೀನ ಕೇಳೂಣು,” ಎಂದಳು.

ದವಾಖಾನೆಯಲ್ಲಿ ಸಾವಂತ್ರೆವ್ವ ಬೆಳಗಾವಿಯ ಡಾಕ್ಟರಿಗೆ ಫೋನು ಹಚ್ಚಿ ರಿಸೀವರನ್ನು ಪದ್ಮವ್ವನ ಕೈಗೇ ಕೊಟ್ಟಳು.

“ಸಾಹೇಬ್ರ, ನಾ ಸುಳ್ಳ ಹೇಳಿದ್ನಿ. ಅರ್ಧಾ ಔಷಧ ಚೆಲ್ಲೇನಿ.”

“ಯಾಕ್ರಿ?”

“ಹೊತ್ತ ಮುಳಗಿತ್ತರಿ. ನಾವು ಜೈನರು, ನನಗ ನೇಮ ಐತಿ. ಹೊತ್ತ ಹುಟ್ಟಿದ ಮ್ಯಾಲ ಎಷ್ಟ ಬೇಕಾದ್ರೂ ಕುಡೀತೇನಿ. ನನ್ನ ಪಾಳಿ ಎಲ್ಲಾರಕಿಂತ ಕಡೀಕ ಇಡಾಕ ಬರತೈತೇನ್ರಿ?”

ಪದ್ಮವ್ವ ರಿಸೀವರನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು.

“ಇದನ್ನ ಮೊದಲ ಹೇಳಿದ್ರ ಅವತ್ತ ಮುಗೀತಿತ್ತಲ್ರಿ,” ಎಂದರು ಡಾಕ್ಟರು. “ಗುರುವಾರ ಮುಂಜಾನೆ ಏಳಕ್ಕ ಶುರು ಮಾಡ್ರಿ, ಒಂಬತ್ತರೊಳಗ ಮುಗಸ್ರಿ. ಆಮ್ಯಾಲ ಹನಿ ನೀರೂ ಕುಡೀಬ್ಯಾಡ್ರಿ. ಮಧ್ಯಾಹ್ನ ಮೂರಕ್ಕ ನಿಮ್ಮ ಪಾಳಿ.”

ಗುರುವಾರ ಬೆಳಿಗ್ಗೆ ಏಳಕ್ಕೆ ಆರತಿಯೇ ಎದುರಿಗೆ ಕೂತು ಗ್ಲಾಸು ತುಂಬಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒಂದೊಂದು ಗ್ಲಾಸನ್ನೂ ತಳ ಕಾಣುವವರೆಗೆ ನೋಡಿ ತಿರುಗಿ ತೆಗೆದುಕೊಳ್ಳುತ್ತಿದ್ದಳು. ಐದನೆಯದಕ್ಕೆ ಪದ್ಮವ್ವನಿಗೆ ವಾಕರಿಕೆ ಬಂತು. ಲಿಂಬೆಹಣ್ಣು ಮೂಸುತ್ತ, ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತ ಕುಡಿದಳು. ಮೊದಲ ಸಲ ಹೊಟ್ಟೆ ಹಿಂಡಿದಾಗ ಸಂಡಾಸಕ್ಕೆ ಓಡಿ ಬಾಗಿಲು ಎಳೆದಳು. ಸದ್ದೇ ಬರಲಿಲ್ಲ. ತಿರುಗಣಿಗೆ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಬ್ಯಾರಲ್ಲು ಕಂಠದವರೆಗೆ ತುಂಬಿತ್ತು. ನಳ ಬಂದಿರಲಿಲ್ಲ, ಬೋರಿಂಗಿನಿಂದ ಹೊತ್ತು ತಂದ ನೀರು. ಉದ್ದವ್ವ ಮಗನನ್ನು ಆರೂವರೆಗೇ ಅಂಗಡಿಗೆ ಅಟ್ಟಿ, ಕಟ್ಟೆಯ ಕಡೆಯ ಬಾಗಿಲು ಹಾಕಿಕೊಂಡಿದ್ದಳು. ಹನ್ನೊಂದರ ಹೊತ್ತಿಗೆ ಬರೀ ತಿಳಿನೀರು ಹೋಗತೊಡಗಿತು.

ಮೂರಕ್ಕೆ ದುರ್ಬೀನ ಹಾಕಿದರು. ಈ ಸಲ ಬೇಗ ತೆಗೆಯಲಿಲ್ಲ. ಕರುಳಿನಲ್ಲಿ ಬಟಾಣಿ ಗಾತ್ರದ ಎರಡು ಗಂಟು ಕಂಡವು. ಅಲ್ಲೇ ತೆಗೆದು ತಪಾಸಣೆಗೆ ಬೆಳಗಾವಿಗೆ ಕಳಿಸುವುದಾಗಿ ಹೇಳಿದರು. “ವರದಿ ಬರಾಕ ಎಂಟ ದಿವಸ ಬೇಕು. ಅಲ್ಲೀತನಕ ಏನೂ ಹೇಳಾಕ ಬರೂದಿಲ್ಲ.”

ಆ ಎಂಟು ದಿನ ಪದ್ಮವ್ವ ನಿದ್ದೆ ಕಂಡಿದ್ದು ತುಣುಕು ತುಣುಕಾಗಿ. ಕರೆಂಟಿಲ್ಲದಾಗ ಗಿರಣಿಯ ಕಲ್ಲು ಬಿಚ್ಚಿ, ಉಳಿಯಿಂದ ಕಂಡಿ ಹೊಡೆದು ಹರಿತ ಮಾಡಿ, ಮತ್ತೆ ಕೂಡಿಸಿದಳು. ಎರಡು ದಿನದ ಮೇಲೆ ಮತ್ತೆ ಬಿಚ್ಚಿದಳು. ಮೂರನೆಯ ಸಲ ಉಳಿ ಎತ್ತಿಕೊಂಡಾಗ ಕಾಶೆವ್ವ ಕೈಯಿಂದ ಕಸಿದುಕೊಂಡು, “ಕಲ್ಲ ಸವದ ಹೋಗ್ತೈತಿ, ಸಾಕು,” ಎಂದು ಬೈದಳು.

ಮುಂದಿನ ಗುರುವಾರ ಡಾಕ್ಟರು ಕಾಗದ ಬಿಡಿಸಿ ಓದಿದರು. ಕ್ಯಾನ್ಸರ್ ಇರಲಿಲ್ಲ. ಬಿಟ್ಟಿದ್ದರೆ ಕೆಲವು ವರ್ಷದಲ್ಲಿ ಆಗಬಹುದಿದ್ದ ಜಾತಿಯ ಗಂಟು. ಮೂರು ವರ್ಷಕ್ಕೆ ಮತ್ತೊಮ್ಮೆ ನೋಡಬೇಕು. ಪದ್ಮವ್ವ ಕೈ ಮುಗಿದು ಹೊರಗೆ ಬಂದಳು. ಮಗಳ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದಳು.

ಬಸ್ಸು ಹತ್ತುವ ಮೊದಲು ಆರತಿ ಕೇಳಿದಳು: “ಯವ್ವಾ, ಅಂಜಿಕಿ ಆಗಿತ್ತೇನ?”

“ಆಗಿತ್ತು. ಈಗೂ ಐತಿ, ನೋಡಿಲ್ಲಿ,” ಎಂದು ಪದ್ಮವ್ವ ಎರಡೂ ಕೈ ಮುಂದೆ ಚಾಚಿದಳು. ಆರತಿ ಅವನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಕಂಡಕ್ಟರು ಎರಡು ಸಲ ಸೀಟಿ ಊದಿದ ಮೇಲೆಯೇ ಬಿಟ್ಟಳು.