ಹೌದು ಅಥವಾ ಇಲ್ಲ ಎಂದರೆ ಸಾಕು

ಸೋಮವಾರ ಬೆಳಿಗ್ಗೆ ಟೈಪಿಂಗ್ ಮೇಡಂ ಅಂಗಡಿಯ ಷಟರ್ ಎತ್ತಿ, ಮೊದಲು ಮೇಲ್ ತೆರೆದು ನೋಡಿದಳು. ಉತ್ತರ ಬಂದಿರಲಿಲ್ಲ. ಪಕ್ಕದ ಸ್ಟೂಲಿನ ಮೇಲಿದ್ದ ಅಕ್ಕ ಅಂಗಿಯ ಅಂಚನ್ನು ಬೆರಳಿನಿಂದ ತಡವಿ ತಡವಿ ಸೂಜಿ ಹಾಕುತ್ತಿದ್ದಳು.

ಹೊಲಿಗೆಯವಳಾದ ಅಕ್ಕನ ಎಡಗಣ್ಣು ಹೋಗಿ ಎರಡು ವರ್ಷ. ಬಲಗಣ್ಣಿನೊಳಗೂ ಒತ್ತಡ ಏರುತ್ತಿದೆ, ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಅದೂ ಉಳಿಯದು ಎಂದು ಬೀದಿಯ ಡಾಕ್ಟರು ಬರೆದುಕೊಟ್ಟಿದ್ದರು. ಮಾಡುವವರು ದೊಡ್ಡಾಸ್ಪತ್ರೆಯ ಸರ್ಜನ್ ಒಬ್ಬರೇ. ದಿನ ಗೊತ್ತುಮಾಡಿಸಲು ಸೋಮವಾರದ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಅವರಿಗೆ ಮೇಲ್ ಬರೆಯಬೇಕು.

ಮೇಲ್ ಬರೆಯುವುದರಲ್ಲಿ ಮೇಡಂದು ಪಳಗಿದ ಕೈ. ಎಂಟು ವರ್ಷಗಳಿಂದ ಆ ಬೀದಿಯ ಅಹವಾಲುಗಳೆಲ್ಲ ಅವಳ ಅಂಗಡಿಯ ವಿಳಾಸದಿಂದಲೇ ಹೋಗುತ್ತಿದ್ದವು. ಬಂದವರು ಕತೆ ಬಿಚ್ಚಿದರೆ ತಡೆಯುತ್ತಿದ್ದಳು.

“ಅಜ್ಜಾ, ಸರ್ಜನ್ ಸಾಹೇಬ್ರು ಇದನ್ನ ಲಿಫ್ಟಲ್ಲಿ ನಿಂತು ಓದ್ತಾರೆ. ನಿಮ್ಮ ಮದುವೆ ಮುಗಿಯೋದ್ರೊಳಗೆ ಅವರ ಮಹಡಿ ಬಂದಿರತ್ತೆ.”

ನಾಲ್ಕೇ ಸಾಲು. ಏನು ಬೇಕು, ಯಾಕೆ, ಯಾವತ್ತಿನೊಳಗೆ. ಕೊನೆಗೆ ‘ಹೌದು ಅಥವಾ ಇಲ್ಲ ಎಂದರೆ ಸಾಕು’. ಇದೇ ಸರ್ಜನ್‌ರಿಂದ ಹನ್ನೊಂದು ಜನಕ್ಕೆ ಹೀಗೆ ದಿನ ಕೊಡಿಸಿದ್ದಳು.

ಅಕ್ಕನಿಗಾಗಿ ಮೂರು ಸಲ ಬರೆದಳು. ನಡುವೆ ಎರಡು ಸೋಮವಾರ ಕಳೆದವು. ಸಾಲಿಗೆ ಹೋಗೋಣವೇ ಎಂದು ಒಮ್ಮೆ ಕೇಳಿಯೂ ಇದ್ದಳು.

“ಊರಿಗೆಲ್ಲ ಉತ್ತರ ತರಿಸಿದವಳು ನನಗೆ ತರಿಸಲ್ವೇನೆ?” ಎಂದಿದ್ದಳು ಅಕ್ಕ. “ಸುಮ್ನೆ ಬಿಸಿಲಲ್ಲಿ ಒಣಗೋದ್ಯಾಕೆ.”

ಇದು ಮೂರನೇ ಸೋಮವಾರ. ಮೇಡಂ ಷಟರನ್ನು ಮತ್ತೆ ಇಳಿಸಿ, ಅಕ್ಕನ ಕೈ ಹಿಡಿದು ಆಸ್ಪತ್ರೆಗೆ ಹೊರಟಳು.

ಸರ್ಜನ್ ಕೋಣೆಯ ಹೊರಗೆ ಕೂತಿದ್ದ ಗುಮಾಸ್ತ ಸಭ್ಯ ಮನುಷ್ಯ. ಯಾವ ವಿಳಾಸದಿಂದ ಬರೆದದ್ದು ಎಂದು ಕೇಳಿ, ಹುಡುಕಿ, ಕಂಪ್ಯೂಟರನ್ನು ಅವಳತ್ತ ತಿರುಗಿಸಿದ.

“ಓ, ಆ ನಾಲ್ಕು ಸಾಲಿನವ್ರು ನೀವೇನಾ? ಎಲ್ಲಾ ಒಂದೇ ವಿಳಾಸ, ಒಂದೇ ಮಾತು. ಯಾರೋ ದಲ್ಲಾಳಿ ಇರ್ಬೇಕು ಅಂತ ಸಾಹೇಬ್ರು ಹೋದ ತಿಂಗಳು ಈ ವಿಳಾಸದ ಮೇಲೆಲ್ಲ ತಾನಾಗೇ ಬೇರೆ ಫೋಲ್ಡರಿಗೆ ಹೋಗೋ ಹಾಗೆ ಮಾಡ್ಸಿದ್ರು. ಅದನ್ನ ಯಾರೂ ತೆಗೆಯಲ್ಲ ಮೇಡಂ.”

ಅಲ್ಲಿ ಒಂಬತ್ತು ಮೇಲ್ ಬಿದ್ದಿದ್ದವು. ಮೂರು ಅಕ್ಕನವು. ಒಂದು ಆ ಅಜ್ಜನದು. ಸಾಹೇಬರಿಗೆ ಕೆಲಸ ಜಾಸ್ತಿ, ತಡವಾದರೂ ಬರುತ್ತದೆ, ಮನೆಯಲ್ಲೇ ಕಾಯಿರಿ ಎಂದು ಉಳಿದವರಿಗೂ ಮೇಡಂ ಹೇಳಿ ಕಳಿಸಿದ್ದಳು.

“ಏನಂತೆ?” ಎಂದಳು ಅಕ್ಕ.

“ಓದೇ ಇಲ್ವಂತೆ ಅಕ್ಕ.”

ಅಕ್ಕ ಬೆಂಚಿನ ತುದಿಯನ್ನು ತಡಕಿ ಕೂತಳು. ಮೇಡಂ ಡಾಕ್ಟರ ಚೀಟಿ ತೋರಿಸಿದಳು. ಸಾಲಿನಲ್ಲಿರುವ ಎಲ್ಲರ ಕೈಯಲ್ಲೂ ಅಂಥದ್ದೇ ಚೀಟಿ ಇದೆ ಎಂದ ಗುಮಾಸ್ತ. ಮೊದಲ ಸೋಮವಾರ ಬಂದು ನಿಂತವರಿಗೆ ಈ ತಿಂಗಳ ಇಪ್ಪತ್ತಾರು ಸಿಕ್ಕಿತ್ತು.

ಮೂರು ಗಂಟೆ ನಿಂತ ಮೇಲೆ ಅಕ್ಕನಿಗೆ ಸಿಕ್ಕಿದ್ದು ಮುಂದಿನ ತಿಂಗಳ ಇಪ್ಪತ್ತನಾಲ್ಕು, ಬೆಳಿಗ್ಗೆ ಎಂಟು ಗಂಟೆ.